ಮೀನಿನ ಐಸಿನಲ್ಲಿ ಬಂದ ಮದ್ದು

ಅಲ್ಲ, ಆ ಹಾರ್ನ್ ಕೇಳಿದ ಕೂಡಲೇ ಮೂಗು ಮುಚ್ಚಿಕೊಳ್ಳುವುದು, ಎಂಥ ಶಿಸ್ತು ಅದು? ಕೈ ತೆಗೆ. ಬೆನ್ನು ನೆಟ್ಟಗೆ ಮಾಡಿ ಕೂತುಕೋ. ಮೀನಿನ ಗಾಡಿ ಗೇಟಿನ ಎದುರು ಬಂದರೆ ನಾನು ಎದ್ದು ನಿಲ್ತೇನೆ, ನೀವೆಲ್ಲ ನಗ್ತೀರಿ, ಅಜ್ಜಿಗೆ ಬಂಗುಡೆ ಆಸೆ ಅಂತ. ಬಂಗುಡೆಯ ಆಸೆಯೂ ಉಂಟು, ಸುಳ್ಳು ಯಾಕೆ ಹೇಳಲಿ. ಆದರೆ ನಿಲ್ಲುವುದು ಅದಕ್ಕಲ್ಲ. ಹಳ್ಳಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಿಯಾದವಳು ನಾನು. ದೊಡ್ಡ ದೊಡ್ಡ ಡಾಕ್ಟರುಗಳು ಬಂದಾಗಲೂ ಸುಮ್ಮನೆ ಎದ್ದವಳಲ್ಲ, ಕೆಲಸ ಉಂಟಾದರೆ ಮಾತ್ರ ಎದ್ದದ್ದು. ಮೀನಿನ ಗಾಡಿಗೆ ಏಳ್ತೇನೆ. ಯಾಕೆ ಅಂತ ಇವತ್ತು ಹೇಳ್ತೇನೆ, ನಡುವೆ ಮೊಬೈಲ್ ನೋಡಿದರೆ ನಿಲ್ಲಿಸ್ತೇನೆ.

ನಾನು ಮೂಡಬಿದಿರೆಯ ಕಾನ್ವೆಂಟಿನಲ್ಲಿ ಕಲಿತವಳು, ಅದು ಗೊತ್ತುಂಟಲ್ಲ. ನಮ್ಮ ಮದರ್ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಮೊದಲು ಉಗುರು ನೋಡುವುದು, ಮತ್ತೆ ಕಾಲರ್ ನೋಡುವುದು, ಮತ್ತೆ ಕಣ್ಣು ನೋಡುವುದು. ಕಣ್ಣು ಯಾಕೆ? ನಿನ್ನೆ ಸುಳ್ಳು ಹೇಳಿದವರು ಇವತ್ತು ಕಣ್ಣು ಕೆಳಗೆ ಹಾಕ್ತಾರೆ ಅಂತ. ಹಾಗೆ ಬೆಳೆದ ಹುಡುಗಿ ನರ್ಸ್ ಆಗಿ, ಮದುವೆಯಾಗಿ, ಈ ಬಂಟ್ವಾಳದ ಮನೆಗೆ ಬಂದೆ. ನನ್ನ ಅತ್ತೆ, ನಿಮ್ಮ ಅಮ್ಮನ ಅಜ್ಜಿ, ಮೊದಲ ದಿನವೇ ಹೇಳಿದ್ದು ಎಂತ ಗೊತ್ತುಂಟಾ? "ನರ್ಸಂತೆ! ಊರವರ ಗಾಯ ತೊಳೆದ ಕೈಯಲ್ಲಿ ನಮಗೆ ಬಡಿಸುವುದಾ?" ನಾನು ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದೆ, ಅವರ ಎದುರೇ ತೊಳೆದೆ, ಮತ್ತೆ ಬಡಿಸಿದೆ. ದಿನಾ ಹಾಗೆಯೇ, ಮೂರು ವರ್ಷ. ಮೂರಲ್ಲ, ನಾಲ್ಕು, ಯಾಕೆಂದರೆ ನಾನು ಈಗ ಹೇಳುವ ವರ್ಷ ನಿಮ್ಮ ಅಮ್ಮನಿಗೆ ಮೂರು ತುಂಬಿತ್ತು.

ಆ ವರ್ಷ ಚಾರ್ಮಾಡಿ ಘಾಟಿಯ ಬುಡದಲ್ಲಿ, ಕಕ್ಕಿಂಜೆಯಿಂದಲೂ ಆಚೆ ಒಂದು ಸಣ್ಣ ಊರಿನಲ್ಲಿ, ಮಕ್ಕಳಿಗೆ ದಡಾರ ಎದ್ದಿತು. ಮೈಯೆಲ್ಲ ಕೆಂಪು ಗುಳ್ಳೆ, ಜ್ವರ, ಕಣ್ಣು ಬಿಡಲಿಕ್ಕಾಗುವುದಿಲ್ಲ. ಒಂದು ಮಗು ಹೋಯಿತು. ಕೂಲಿಯವರ ಮನೆಯ ಮಗು, ನಿಮ್ಮ ಅಮ್ಮನದ್ದೇ ಪ್ರಾಯ. ಅಲ್ಲಿಯ ನರ್ಸ್ ಹೆರಿಗೆ ರಜೆಯಲ್ಲಿ ಇದ್ದಳು, ಹಾಗಾಗಿ ಉಳಿದ ಮಕ್ಕಳಿಗೆ ಲಸಿಕೆ ಕೊಡುವ ಕೆಲಸ ನನಗೆ ಬಂತು. ಮದ್ದು ಬಂಟ್ವಾಳಕ್ಕೆ ಬಂದು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಕೂತಿತ್ತು. ನಾಳೆ ಹೊರಡುವುದು ಅನ್ನುವಾಗ ನೇತ್ರಾವತಿ ಉಕ್ಕಿ ಪೇಟೆಯೊಳಗೆ ಬಂದಳು. ಅದು ಹೊಸತೇನಲ್ಲ, ಪ್ರತಿ ಮಳೆಗಾಲಕ್ಕೂ ಅಂಗಡಿಯವರು ಅಕ್ಕಿಮೂಟೆ ಅಟ್ಟಕ್ಕೆ ಹಾಕ್ತಾರೆ, ಇಳಿಸ್ತಾರೆ. ಆದರೆ ಆ ಸಲ ಕರೆಂಟು ಹೋದದ್ದು ಬರಲೇ ಇಲ್ಲ. ಫ್ರಿಜ್ಜಿನ ಐಸು ಕರಗಿ ಬರೀ ತಣ್ಣೀರು ಉಳಿಯಿತು, ಕುಪ್ಪಿಗಳನ್ನು ಆ ತಣ್ಣೀರಿನ ಜೊತೆಗೇ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ದಡಾರದ ಮದ್ದಿಗೆ ಬಿಸಿ ತಾಗಿದರೆ ಮುಗಿಯಿತು, ಅದು ಮದ್ದಲ್ಲ, ನೀರು. ಹೊಸತು ತರಿಸಲಿಕ್ಕೆ ಎಷ್ಟು ದಿನ ಅಂತ ಯಾರಿಗೂ ಗೊತ್ತಿಲ್ಲ, ಅಲ್ಲಿವರೆಗೆ ಆ ಮಕ್ಕಳು? ಐಸು ಬೇಕು, ಐಸು ಬೇಕು ಅಂತ ಜಗಲಿಯಲ್ಲಿ ಆಚೆ ಈಚೆ ನಡೀತಾ ಇದ್ದೆ. ಆಗ ಕೇಳಿತು ನೋಡಿ. ಪೋಂ ಪೋಂ.

ಇದಿನಬ್ಬ. ಎಂ-ಎಯ್ಟಿ ಬೈಕಿನ ಹಿಂದೆ ಎರಡು ಪೆಟ್ಟಿಗೆ ಕಟ್ಟಿಕೊಂಡು, ನೀರು ಎಲ್ಲಿ ಕಡಿಮೆ ಉಂಟೋ ಅಲ್ಲೇ ದಾರಿ ಹುಡುಕಿಕೊಂಡು, ದಿನಾ ಕಕ್ಕಿಂಜೆವರೆಗೆ ಮೀನು ಮಾರುವ ಬ್ಯಾರಿ. ನಾನು ಓಡಿದೆ. ನಾನು ಓಡುವವಳಲ್ಲ, ಆ ದಿನ ಓಡಿದೆ.

"ಇದಿನಬ್ಬ, ಪೆಟ್ಟಿಗೆಯಲ್ಲಿ ಐಸು ಉಂಟಾ?"

"ಐಸು ಇಲ್ಲದೆ ಬೂತಾಯಿ ಮೀನು ತಂಪಿರ್ಲಿಕ್ಕೆ ನಾನೆಂತ ಬೀಸಣಿಗೆ ಬೀಸುದಾ ಸಿಸ್ಟರೇ?"

ವಿಷಯ ಹೇಳಿದೆ. ಮನುಷ್ಯ ಅಲ್ಲೇ ಒಂದು ಪೆಟ್ಟಿಗೆಯ ಮೀನನ್ನು ಇನ್ನೊಂದಕ್ಕೆ ಸುರಿದ. ನಾನು ಐಸನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಿಗಿದು, ಮದ್ದಿನ ಡಬ್ಬಿಯ ನಾಲ್ಕು ಬದಿಗೆ ಇಟ್ಟೆ, ನಡುವೆ ಕುಪ್ಪಿಗಳು. ಬಸ್ಸಿಲ್ಲ, ಹಾಗಾದರೆ ಹೋಗುವುದು ಹೇಗೆ? "ಹತ್ತಿ" ಅಂದ. ಮೀನಿನ ಗಾಡಿಗೆ! ಗಂಜಿ ಹಾಕಿ ಇಸ್ತ್ರಿ ಮಾಡಿದ ನನ್ನ ಬಿಳಿ ಸೀರೆ! ನಾನು ಅಲ್ಲೇ ನಿಂತೆ. ಆಗ ಅತ್ತೆ ನಿಮ್ಮ ಅಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು ಮೆಟ್ಟಿಲಿಗೆ ಬಂದರು. ನಾನು ಎಣಿಸಿದೆ, ಈಗ ಬೈಯ್ತಾರೆ, ಮನೆಗೆ ನೀರು ಬರುವಾಗ ಊರು ಸುತ್ತಲಿಕ್ಕೆ ಹೋಗ್ತಾಳೆ ಅಂತ. ಅವರು ಹೇಳಿದ್ದು, "ಮಗುವನ್ನೂ ಮನೆಯನ್ನೂ ನಾನು ಮತ್ತು ನನ್ನ ಮಗ ನೋಡಿಕೊಳ್ತೇವೆ. ಸೀರೆ ನೋಡಿಕೊಂಡು ಎಂತ ನಿಂತಿದ್ದಿ? ಸೀರೆ ಒಗೆಯಬಹುದು ಮಾರಾಯ್ತಿ." ನಾಲ್ಕು ವರ್ಷದಲ್ಲಿ ಅವರು ನನ್ನ ಕೆಲಸಕ್ಕೆ ಹೇಳಿದ ಮೊದಲ ಒಳ್ಳೆ ಮಾತು. ಹತ್ತಿದೆ.

ಮಡಿಲಲ್ಲಿ ಡಬ್ಬಿ, ಬೆನ್ನಿಗೆ ಮೀನು. ಪುಂಜಾಲಕಟ್ಟೆಯಲ್ಲಿ ಹೋಟೆಲಿನ ಎದುರು ನಿಂತವರೆಲ್ಲ ನೋಡಿದರು. ಒಬ್ಬ, "ಇದಿನಬ್ಬ, ಇವತ್ತು ಯಾವ ಮೀನು? ಬಿಳಿ ಮಾಂಜಿಯಾ?" ಅಂತ ಕೂಗಿದ. ನಾನು ಕಣ್ಣು ಕೆಳಗೆ ಹಾಕಲಿಲ್ಲ. ಬೆಳ್ತಂಗಡಿ ದಾಟಿದ ಮೇಲೆ ಇದಿನಬ್ಬ ತಲೆ ತಿರುಗಿಸಿ ಹೇಳಿದ, "ಸಿಸ್ಟರೇ, ನೀವು ಹೋಗುದು ದೇವಕಿಯಮ್ಮನ ಮನೆಗಲ್ವಾ? ಅವರ ಹೊಸಿಲಿಗೆ ಮೀನಿನ ಹೆಸರೂ ತಾಗ್ಲಿಕ್ಕಿಲ್ಲ. ಐಸು ಎಲ್ಲಿದು ಕೇಳಿದ್ರೆ ಮಂಗಳೂರಿನ ಫ್ಯಾಕ್ಟರಿದು ಅಂತ ಹೇಳಿ. ಸುಳ್ಳಲ್ಲ, ಫ್ಯಾಕ್ಟರಿದೇ."

"ರಸ್ತೆ ನೋಡು" ಅಂದೆ.

ಅವನು ಹೇಳಿದ್ದರಲ್ಲಿ ಅರ್ಥ ಉಂಟು. ದೇವಕಿಯಮ್ಮ ಅಂದರೆ ಆ ಊರಿನ ದೊಡ್ಡ ಮನೆಯ ಯಜಮಾನಿ. ಅವರ ಜಗಲಿಯಲ್ಲೇ ಲಸಿಕೆ ಕೊಡುವುದು ಕ್ರಮ. ಅವರ ಮೊಮ್ಮಗ ಮೊದಲು ತೆಗೆದುಕೊಂಡರೆ ಉಳಿದ ಮನೆಯವರೆಲ್ಲ ಮಕ್ಕಳನ್ನು ತರುತ್ತಾರೆ, ಅವರು ಬೇಡ ಅಂದರೆ ಒಬ್ಬರೂ ತರುವುದಿಲ್ಲ. ನಾವು ಹೋಗುವಾಗ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದರು. ಮಗು ಕಳೆದುಕೊಂಡ ಆ ತಾಯಿಯೂ ಇದ್ದಳು, ಕಂಕುಳಲ್ಲಿ ಎರಡನೆಯದ್ದು. ಇದಿನಬ್ಬ ಗಾಡಿಯನ್ನು ದೂರ, ಬೇಲಿಯ ದಣಪೆಯ ಹೊರಗೆ ನಿಲ್ಲಿಸಿದ. ನಾನು ಡಬ್ಬಿ ತೆರೆದೆ, ವಾಸನೆ ಹೊರಗೆ ಬಂತು. ದೇವಕಿಯಮ್ಮ ಸೆರಗು ಮೂಗಿಗೆ ಹಿಡಿದರು.

"ಇದೆಂಥದ್ದು ನರ್ಸಮ್ಮ? ಎಲ್ಲಿಯ ಐಸು ಇದು?"

ಫ್ಯಾಕ್ಟರಿಯದ್ದು ಅಂದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು, ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ. ಆದರೆ ಅವರ ಕಣ್ಣು ನೋಡಿದೆ, ಮದರ್ ನೆನಪಾಯಿತು. "ಮೀನಿನ ಐಸು ಅಮ್ಮ" ಅಂದೆ.

"ಶಿವ ಶಿವ" ಅಂತ ಅವರು ಒಳಗೆ ಹೋಗಿ ಬಾಗಿಲು ಹಾಕಿದರು. ಅಂಗಳ ಖಾಲಿಯಾಗಲಿಕ್ಕೆ ಶುರುವಾಯಿತು. ಮಗು ಕಳೆದುಕೊಂಡವಳು ಮಾತ್ರ ತೆಂಗಿನ ಮರದ ಬುಡದಲ್ಲಿ ನಿಂತೇ ಇದ್ದಳು, ನನ್ನನ್ನು ನೋಡುತ್ತಾ. ಇದಿನಬ್ಬ ದಣಪೆಯಿಂದಲೇ ಕೂಗಿದ, "ಆಯ್ತಲ್ಲ ಸಿಸ್ಟರೇ, ಈಗ ಆ ಇಂಜೆಕ್ಷನ್ ಯಾರಿಗೆ ಕೊಡ್ತೀರಿ, ನನ್ನ ಬೂತಾಯಿಗಾ?" ನನ್ನ ಸತ್ಯ ಹೇಳುವ ಜಂಬಕ್ಕೆ ಇನ್ನೊಂದು ಮಗು ಹೋಗ್ತದಾ ಅಂತ ಹೆದರಿದೆ. ಆದರೆ ಹೊರಡಲಿಲ್ಲ. ಡಬ್ಬಿ ಮುಚ್ಚಿ, ಮೆಟ್ಟಿಲ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತೆ.

ಎಷ್ಟು ಹೊತ್ತು ಕೂತೆನೋ. ಬಾಗಿಲು ತೆರೆಯಿತು. ನಮ್ಮ ಕಡೆಯ ಜನ, ಸಿಟ್ಟು ಎಷ್ಟಿದ್ದರೂ ಮನೆಗೆ ಬಂದವರನ್ನು ಕುಡಿಯಲಿಕ್ಕೆ ಕೊಡದೆ ಕಳುಹಿಸುವುದಿಲ್ಲ. ದೇವಕಿಯಮ್ಮ ಎರಡು ಎಳನೀರಿನ ಬೊಂಡ ಕೆತ್ತಿಸಿ ಇಟ್ಟರು, ನನಗೊಂದು, ದಣಪೆಯ ಹೊರಗಿನವನಿಗೊಂದು. "ಕುಡಿದು ಹೊರಡಿ" ಅಂದರು. ಬೊಂಡ ಕೈಗೆ ತೆಗೆದುಕೊಂಡೆ. ಆಗ ಹೊಳೆಯಿತು ನೋಡಿ, ಅಲ್ಲಿಯೇ, ಆ ಮೆಟ್ಟಿಲಲ್ಲಿ.

"ಅಮ್ಮ, ಇದನ್ನು ಕೊಯ್ದದ್ದು ಯಾರು?"

"ನಮ್ಮ ತೋಟದ ಕೆಲಸದ ಬಾಬು. ಯಾಕೆ?"

"ಅವನು ಮೀನು ತಿನ್ನುವುದಿಲ್ಲವಾ?"

"ಮೀನಿಲ್ಲದೆ ಅವನಿಗೆ ಗಂಜಿ ಇಳಿಯುವುದಿಲ್ಲ."

"ಅವನ ಕೈ ತಾಗಿದ ಬೊಂಡವನ್ನು ನೀವು ದೇವರಿಗೆ ಅಭಿಷೇಕ ಮಾಡ್ತೀರಲ್ಲ?"

ಅವರಿಗೆ ಕೋಪ ಬಂತು. "ಎಂಥ ಮಾತು ಆಡ್ತಿ! ಬೊಂಡಕ್ಕೆ ಎಂತ ಮೈಲಿಗೆ? ಒಳಗಿನ ನೀರನ್ನು ಯಾರು ಮುಟ್ಟಿದ್ದಾರೆ?"

ನಾನು ಡಬ್ಬಿಯಿಂದ ಒಂದು ಕುಪ್ಪಿ ತೆಗೆದು ಅವರ ಕಣ್ಣಿನ ಎದುರು ಹಿಡಿದೆ. ಗಾಜು, ರಬ್ಬರ್ ಮುಚ್ಚಳ, ಅದರ ಮೇಲೆ ತಗಡು. "ಇದೂ ಬೊಂಡವೇ ಅಮ್ಮ. ಹೊರಗೆ ಯಾರು ಬೇಕಾದರೂ ಮುಟ್ಟಿರಬಹುದು. ಒಳಗೆ ಯಾರು ಮುಟ್ಟಿದ್ದಾರೆ ಹೇಳಿ."

ಅವರು ಕುಪ್ಪಿ ನೋಡಿದರು, ನನ್ನ ಸೀರೆ ನೋಡಿದರು, ಗಂಜಿ ಹಾಕಿದ ಸೀರೆ, ಅದರ ತುಂಬ ಮೀನಿನ ನೀರು. ಮತ್ತೆ ತೆಂಗಿನ ಬುಡದಲ್ಲಿ ನಿಂತವಳನ್ನು ನೋಡಿದರು. ಬಾಯಿ ಬಿಗಿಹಿಡಿದರೂ ನಗು ಬಂದುಬಿಟ್ಟಿತು. "ಸುಳ್ಳು ಹೇಳಿ ಚುಚ್ಚಿ ಹೋಗಬಹುದಿತ್ತಲ್ಲ ನೀನು? ಹೇಳಲಿಲ್ಲ. ಹಾಗಾದರೆ ಇದನ್ನೂ ನಂಬಬಹುದು" ಅಂದರು. ನೋಡಿದಿರಾ? ಯಾವ ಸತ್ಯ ಬಾಗಿಲು ಹಾಕಿಸಿತೋ ಅದೇ ತೆರೆಸಿತು. ಒಂದು ಶರತ್ತು ಹಾಕಿದರು, ಕುಪ್ಪಿಯ ಹೊರಗೆ ಅವರ ಬಾವಿಯ ನೀರು ಹೊಯ್ದು ಒರೆಸಬೇಕು ಅಂತ. ಅದಕ್ಕೇನು, ಹೊಯ್ದೆ, ಒರೆಸಿದೆ. ಸಿರಿಂಜನ್ನು ಅವರದೇ ಪಾತ್ರೆಯಲ್ಲಿ, ಅವರದೇ ಒಲೆಯಲ್ಲಿ ಕುದಿಸಿದೆ, ಗಡಿಯಾರ ನೋಡಿ ಕುದಿಸಿದೆ. ಮೊದಲು ಅವರ ಮೊಮ್ಮಗ ಪ್ರಸನ್ನ, ಅಬ್ಬ, ಘಾಟಿಗೆ ಕೇಳುವ ಹಾಗೆ ಕೂಗಿದ. ಎರಡನೆಯದ್ದು ತೆಂಗಿನ ಬುಡದಲ್ಲಿ ನಿಂತವಳ ಮಗು. ಅಷ್ಟು ಹೊತ್ತಿಗೆ ದೇವಕಿಯಮ್ಮನೇ ಅಂಗಳಕ್ಕೆ ಇಳಿದು, "ಬನ್ನಿ, ಎಲ್ಲ ಬನ್ನಿ, ಎಂತ ಹೆದರಿಕೆ" ಅಂತ ಕರೆಯುತ್ತಿದ್ದರು. ಆ ದಿನ ಸೂಜಿ ಹಾಕಿಸಿದ ಮಕ್ಕಳಲ್ಲಿ ಒಂದೂ ಹೋಗಲಿಲ್ಲ. ಒಂದೂ ಇಲ್ಲ. ಇದನ್ನು ನಾನು ಎಲ್ಲಿ ನಿಂತೂ ಹೇಳ್ತೇನೆ.

ಮನೆಗೆ ಬರುವಾಗ ಹೊಳೆ ಇಳಿದಿತ್ತು, ಅತ್ತೆ ಕೆಸರು ತೊಳೆಯುತ್ತಿದ್ದರು. ನನ್ನ ಸೀರೆಯನ್ನು ಕೈಯಿಂದ ಕಿತ್ತುಕೊಂಡು ಅವರೇ ಒಗೆದರು, ಮೂರು ಸಲ. ಆ ರಾತ್ರಿ ಊಟಕ್ಕೆ ನಾನು ಕೈ ತೊಳೆಯಲಿಕ್ಕೆ ಎದ್ದರೆ, "ಕೂತುಕೋ, ಇವತ್ತು ನಾನು ಬಡಿಸುವುದು" ಅಂದರು. ನಾನು ತೊಳೆದೇ ಕೂತೆ, ಅದು ಬೇರೆ ವಿಷಯ. ನಾನು ನಿವೃತ್ತಿಯಾದ ದಿನ ಪ್ರಸನ್ನ ಒಂದು ಗೊನೆ ಬೊಂಡ ಹೊತ್ತುಕೊಂಡು ಬಂದ, ಮೀಸೆ ಬಂದ ಗಂಡಸು. ಇದಿನಬ್ಬ ಬಿಳಿ ಅಂಗಿ ಹಾಕಿ ಹಿಂದಿನ ಸಾಲಿನಲ್ಲಿ ಕೂತಿದ್ದ. ನಾನು ಮೈಕಿನಲ್ಲೇ ಕರೆದೆ, "ಇದಿನಬ್ಬ, ಮೇಲೆ ಬಾ, ಇವತ್ತು ನೀನು ಹತ್ತು" ಅಂತ. ವೇದಿಕೆಯಲ್ಲಿ ನನ್ನ ಪಕ್ಕ ಕೂತ. ಈಗ ಅವನಿಲ್ಲ. ಗೇಟಿನ ಎದುರು ಹಾರ್ನ್ ಹಾಕುವವನು ಅವನ ಅಳಿಯ.

ಹಾಗಾಗಿ ಕೇಳಿ. ನಿಮ್ಮ ಕೈ ತೊಳೆದಿಟ್ಟುಕೊಳ್ಳಿ, ಬಾಯಲ್ಲಿ ಸತ್ಯ ಇಟ್ಟುಕೊಳ್ಳಿ, ಸಹಾಯಕ್ಕೆ ಬಂದವನ ವಾಸನೆ ನೋಡಬೇಡಿ. ಎಂತ ಬಾಯಿಬಿಟ್ಟು ನೋಡ್ತಿ? ಅಗೋ, ಹಾರ್ನ್ ಗೇಟಿಗೇ ಬಂತು, ಇದಿನಬ್ಬನ ಅಳಿಯ ಕಾಯ್ತಾ ಇದ್ದಾನೆ. ಹೋಗು, ಗೇಟು ತೆಗೆ. ಪಾತ್ರೆ ತೆಗೆದುಕೊಂಡು ಹೋಗು. ಅದಲ್ಲ, ತೊಳೆದದ್ದು.