ಗರಗಸದ ಮೇಲಿನ ಸಲಾಮು

ಓಶ್ ಪಟ್ಟಣದ ಆಸ್ಪತ್ರೆಯಲ್ಲಿ ಜಪಮಣಿ ಎಣಿಸುತ್ತ ಕೂತಿದ್ದೆ. ಎದುರಿನ ಬೆಂಚಿನಲ್ಲಿ ಒಬ್ಬ ಬಡಗಿ, ಪಕ್ಕದಲ್ಲಿ ಬಿಳಿಗಡ್ಡದ ಅಜ್ಜ.

"ಮೆಷಿನ್ ಗರಗಸ ತಿರುಗ್ತಿರೋವಾಗ ನೀವು ಸಲಾಮಿಗೆ ಕೈ ಚಾಚೋದಾ ಅಜ್ಜಾ?"

"ಒಳಗೆ ಬಂದವನು ಕೈ ಕೊಡದೆ ಇರ್ತಾನೇನಪ್ಪಾ? ನಿನ್ನ ಕೆಲಸದ ಹುಡುಗ ಎರ್ಮೆಕ್ ಒಂದು ಕೈ ಕೊಟ್ಟಿದ್ರೆ ಸಾಕಿತ್ತು."

"ಹಿರಿಯರಿಗೆ ಒಂದೇ ಕೈ ಕೊಟ್ಟ ಅಂತ ನೀವೇ ಊರೆಲ್ಲ ಆಡ್ಕೋತಿದ್ರಿ. ಅದಕ್ಕೇ ಎರಡೂ ಚಾಚಿದ, ಬ್ಲೇಡಿನ ಮೇಲಿಂದ."

ಅಜ್ಜ ಗಡ್ಡ ನೀವಿಕೊಂಡ.

"ತುಂಡಾದ ಬೆರಳು ಕೂಡತ್ತಂತಾ?"

"ಕೂಡಲ್ವಂತೆ."

ಬಡಗಿ ತೋಳಿಗೆ ಅಂಟಿದ್ದ ಮರದ ಹೊಟ್ಟು ಕೊಡವಿದ.

"ಮೆಷಿನ್ ನಿಲ್ಲಿಸೋವರೆಗೆ ಯಾರಿಗೂ ಸಲಾಮಿಲ್ಲ ಅಂತ ಬಾಗಿಲ ಮೇಲೆ ಬರೀತೀನಿ."

"ಬರಿ. ಮೊದಲು ಕೈ ಚಾಚಿದೋನು ನಾನು ಅಂತಲೂ ಬರಿ."

ಎರ್ಮೆಕ್‌ಗೆ ಎಚ್ಚರವಾಗಿದೆ ಎಂದು ದಾದಿ ಕರೆದಳು. ಇಬ್ಬರೂ ಎದ್ದರು. ಅವನ ಕೋಣೆಯ ಹೊಸ್ತಿಲಲ್ಲಿ ಅಜ್ಜ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಹೋದ.