ಬ್ರೇಕ್ ಗಾರ್ಡನ್ನು ಎರಡನೇ ಸಲ ಮುಟ್ಟಿದ ಬಗ್ಗೆ

ಹೆಸರು ಮತ್ತು ವಿಳಾಸ: ದಿನಾಂಕ 9ರಂದು ನಾನೇ ಕೊಟ್ಟ ದೂರಿನಲ್ಲಿ ಇರುವಂತೆ. ವಯಸ್ಸು: 66. ಉದ್ಯೋಗ: ಹೊಲಿಗೆ ಯಂತ್ರ ರಿಪೇರಿ, ನಲವತ್ತೊಂದು ವರ್ಷದಿಂದ. ವಿದ್ಯಾಭ್ಯಾಸ: ಕಾಲೇಜು ಎರಡನೇ ವರ್ಷದವರೆಗೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ ಎರಡು ತಿಂಗಳು. ಈ ಕೊನೆಯದು ಬೇಕಿಲ್ಲವೆಂದು ಹೆಡ್ ಕಾನ್‌ಸ್ಟೆಬಲ್ ಹೇಳಿದರು, ಅಷ್ಟರಲ್ಲಿ ಬರೆದಾಗಿತ್ತು.

ಈ ಮೂಲಕ ನಾನಾಗಿಯೇ ತಿಳಿಸುವುದೇನೆಂದರೆ, ಸದರಿ ದೂರಿನಲ್ಲಿ ನಾನು ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ, ಎಲ್ಲರೂ 'ಕಡ್ಡಿ' ಎಂದು ಕರೆಯುವ ಇಪ್ಪತ್ತಾರು ವರ್ಷದವನ ಮೇಲೆ ಆರೋಪ ಮಾಡಿದ್ದೆ. ಬೈಕ್ ರೇಸಿನಲ್ಲಿ ಅವನು ಬೇಕೆಂದೇ ನನ್ನ ಮಗಳ ಬ್ರೇಕಿಗೆ ತಾಗಿಸಿ ಬೀಳಿಸಿದನೆಂದು ಬರೆದಿದ್ದೆ. ಅದು ಸುಳ್ಳು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನನ್ನ ಮಗಳಿಗೆ ಮೂವತ್ತೊಂದು ವರ್ಷ. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಮೂರು ವರ್ಷದಿಂದ ಭಾನುವಾರಗಳಂದು ಟ್ರ್ಯಾಕಿನಲ್ಲಿ ರೇಸ್ ಬೈಕ್ ಓಡಿಸುತ್ತಾಳೆ. ಆ ಬೈಕಿಗೆ ದೀಪವಿಲ್ಲ, ಕನ್ನಡಿಯಿಲ್ಲ, ರಸ್ತೆಗೆ ತರುವಂತಿಲ್ಲ. ಮುಂದಿನ ಚಕ್ರದ ಬ್ರೇಕ್ ಬಲಗೈ ಹಿಡಿಯ ಮುಂದಿರುವ ಲಿವರಿನಲ್ಲಿದೆ. ಒತ್ತೊತ್ತಾಗಿ ಹೋಗುವಾಗ ಪಕ್ಕದವರ ಮೊಣಕೈಯೋ ಹ್ಯಾಂಡಲೋ ಅದಕ್ಕೆ ತಾಗಿದರೆ ಚಕ್ರ ತಟ್ಟನೆ ನಿಂತು ಸವಾರ ತಲೆಕೆಳಗಾಗಿ ಮುಂದಕ್ಕೆ ಹಾರುತ್ತಾನೆ. ತಾಗದಿರಲೆಂದು ಲಿವರಿನ ಮುಂದೆ ಒಂದು ಬಾಗಿದ ಪಟ್ಟಿ ಹಾಕುತ್ತಾರೆ. ಅದೇ ಗಾರ್ಡು. ಈ ವರ್ಷದಿಂದ ರೇಸಿನವರು ಅದನ್ನು ಕಡ್ಡಾಯ ಮಾಡಿದ್ದಾರೆ.

ದಿನಾಂಕ 8, ಶನಿವಾರ ಬೆಳಿಗ್ಗೆ 10.20ಕ್ಕೆ ನಾವಿಬ್ಬರೂ ಬಿಡಿಭಾಗಗಳ ಅಂಗಡಿಗೆ ಹೋದೆವು. ಅಂಗಡಿಯವರು ಮೂರು ಗಾರ್ಡು ತೆಗೆದಿಟ್ಟರು. ಮೊದಲನೆಯದು ಗಟ್ಟಿ ಪ್ಲಾಸ್ಟಿಕ್ಕಿನದು, ಒಂದೇ ಅಳತೆ, ಸರಿಸಲು ಬರುವುದಿಲ್ಲ. ಎರಡನೆಯದು ನೋಡಲಿಕ್ಕೆ ಚೆಂದ, ಅಷ್ಟೇ. ಮೂರನೆಯದು ಅಲ್ಯೂಮಿನಿಯಂ, ಎರಡು ಸ್ಕ್ರೂ ಸಡಿಲಿಸಿದರೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಮಗಳು ಮನೆಯಿಂದ ತಂದ ಗ್ಲೌಸು ಹಾಕಿಕೊಂಡು ಮೊದಲನೆಯದನ್ನು ಒಂದು ಸಲ ಹಿಡಿದು ನೋಡಿ, ಇದೇ ಸಾಕು ಅಂದಳು. ನಾನು ಅದನ್ನು ಮೇಜಿಗೆ ಒತ್ತಿದೆ. ಬಾಗಿತು. ಬಾಗುತ್ತದಲ್ಲ ಎಂದು ಕೇಳಿದ್ದಕ್ಕೆ ಅಂಗಡಿಯವರು, "ಬಾಗ್ಲಿ ಅಂತಾನೇ ಮಾಡಿರೋದು ಸಾರ್" ಎಂದರು. ನಾನು ಮೂರನೆಯದನ್ನು ಕೆಳಗಿಡಲಿಲ್ಲ.

ಆಗ ಅಂಗಡಿಯವರು ಮೊದಲನೆಯದನ್ನೂ ನನ್ನ ಕೈಯಲ್ಲಿದ್ದದ್ದನ್ನೂ ತೋರಿಸಿ, "ನೋಡಿ ಸಾರ್, ಇದು ಓಡ್ಸೋರಿಗೆ, ಅದು ಬಿಚ್ಚೋರಿಗೆ" ಎಂದರು.

ಮಗಳು, "ನಮ್ಮಪ್ಪನ ಕೈಗೆ ಸ್ಕ್ರೂ ಸಿಕ್ರೆ ಮುಗೀತು. ಗೋಡೆ ಗಡಿಯಾರ ಬಿಚ್ಚಿದ್ರು, ಈಗ ನಮ್ಮನೇಲಿ ದಿನಾ ಮೂರೂವರೆ" ಎಂದಳು.

ಅದು ಮೊದಲೇ ನಿಧಾನ ಓಡುತ್ತಿತ್ತೆಂದು ನಾನು ತಿಳಿಸಿದೆ. ಹೀಗೆ 12.05 ಆಯಿತು. ಲ್ಯಾಬಿಗೆ ಹೊತ್ತಾಗಿದ್ದರಿಂದ ಮಗಳು ಸೋತಳು. "ಆಯ್ತು, ನಿನ್ನಿಷ್ಟ. ಆದ್ರೆ ನಾನು ಕೂರಿಸಿದ ಮೇಲೆ ನೀನು ಮುಟ್ಟೋ ಹಾಗಿಲ್ಲ" ಎಂದಳು. ಮುಟ್ಟುವುದಿಲ್ಲವೆಂದು ಮಾತು ಕೊಟ್ಟೆ. ಅಂಗಡಿಯವರ ಎದುರಿಗೇ ಕೊಟ್ಟೆ.

ಅದೇ ದಿನ ಸಂಜೆ 4.30ಕ್ಕೆ ಮಗಳು ನನ್ನ ಅಂಗಡಿಯಲ್ಲಿ ಅದನ್ನು ಕೂರಿಸಿದಳು. ಲಿವರಿಗೂ ಗಾರ್ಡಿಗೂ ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟಳು. ಯಾಕೆಂದು ನಾನು ಕೇಳಿದೆ. ಓಡಿಸುತ್ತಾ ಹೋದಂತೆ ಬ್ರೇಕ್ ಕಾಯುತ್ತದೆ, ಲಿವರ್ ಸಡಿಲಾಗಿ ಹಿಡಿಯ ಹತ್ತಿರ ಬರುತ್ತದೆ, ಆಗ ಎಡಗೈ ಹತ್ತಿರದ ಪುಟ್ಟ ತಿರುಪನ್ನು ತಿರುಗಿಸಿ ಲಿವರನ್ನು ಹೊರಕ್ಕೆ ತಂದುಕೊಳ್ಳುತ್ತೇನೆ, ಅದಕ್ಕೇ ಈ ಜಾಗ ಎಂದು ವಿವರಿಸಿದಳು. ಆದ್ದರಿಂದ ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ.

ದಿನಾಂಕ 9, ಭಾನುವಾರ ಮಧ್ಯಾಹ್ನ 12.40ಕ್ಕೆ ಅಭ್ಯಾಸದ ಸುತ್ತುಗಳು ನಡೆದವು. ಅದರಲ್ಲಿ ಕಡ್ಡಿ ಮಗಳ ಬಲಗಡೆಯಿಂದ ಒಂದಡಿ ಅಂತರದಲ್ಲಿ ನುಗ್ಗಿ ಮುಂದೆ ಹೋದ. ಅವರಿಗೆ ಅದು ಮಾಮೂಲು. ನಾನು ಎದ್ದು ಬೇಲಿಯವರೆಗೆ ಹೋದೆ. ಆಮೇಲೆ ಅವನೇ ನಮ್ಮ ಟೆಂಟಿಗೆ ಬಂದು, "ಅಂಕಲ್, ಇಷ್ಟು ದೊಡ್ಡ ಗಾರ್ಡು ಯಾಕೆ, ಬಟ್ಟೆ ಒಣಗ್ಸೋಕಾ?" ಎಂದ. ಮಗಳು, "ನಿನ್ನ ಚಡ್ಡಿ ತಂದ್ಕೊಡು, ಒಣಗ್ಸಿ ಕೊಡ್ತೀವಿ" ಎಂದಳು. ಇಬ್ಬರೂ ನಕ್ಕರು. ನಾನು ಆ ಸಂದನ್ನೇ ನೋಡುತ್ತಿದ್ದೆ. ಅಷ್ಟು ಜಾಗದಲ್ಲಿ ಒಂದು ಹ್ಯಾಂಡಲಿನ ತುದಿ ತೂರಬಹುದು ಅನ್ನಿಸಿತು.

1.45ಕ್ಕೆ ಸವಾರರನ್ನೆಲ್ಲ ಸಭೆಗೆ ಕರೆದರು. ಬೈಕಿನ ಹತ್ತಿರ ನಾನೊಬ್ಬನೇ. ಕೂತೆ, ಎದ್ದೆ, ನೀರು ಕುಡಿದು ಬಂದೆ, ಮತ್ತೆ ಕೂತೆ. ಹೆಂಡತಿ ಇದ್ದಾಗ ನನ್ನ ಕೈ ಸುಮ್ಮನಿರದಿದ್ದರೆ ಅವಳು ಬಿಡಿಸಲಿಕ್ಕೆ ಅವರೆಕಾಯಿಯನ್ನೋ ಗಂಟುಬಿದ್ದ ದಾರವನ್ನೋ ಕೊಡುತ್ತಿದ್ದಳು. ನನ್ನ ಕಸುಬಿನಲ್ಲಿ ಸೂಜಿಗೂ ಅದರ ಕೆಳಗಿನ ಕೊಕ್ಕೆಗೂ ನಡುವೆ ಒಂದು ಕಾಗದ ಮಾತ್ರ ಜಾರಬೇಕು. ಅದಕ್ಕಿಂತ ಹೆಚ್ಚಿದ್ದರೆ ಹೊಲಿಗೆ ತಪ್ಪುತ್ತದೆ. ಸಂದು ಇದ್ದಲ್ಲಿ ಸದ್ದು, ಸದ್ದು ಇದ್ದಲ್ಲಿ ದೋಷ: ಈ ಕೈ ಕಲಿತದ್ದು ಅಷ್ಟೇ. ಪ್ರವೇಶ ಅರ್ಜಿಯ ಮೂಲೆಯಿಂದ ಒಂದು ಚೂರು ಹರಿದು ಲಿವರಿಗೂ ಗಾರ್ಡಿಗೂ ನಡುವೆ ಇಟ್ಟೆ, ಗಾರ್ಡನ್ನು ಒಳಕ್ಕೆ ತಂದೆ, ಸ್ಕ್ರೂ ಬಿಗಿದೆ, ಕಾಗದ ಎಳೆದುಕೊಂಡೆ. ಆಗ ಸಮಯ 1.58. ಪ್ರಿವೆನ್ಷನ್ ಈಸ್ ಬೆಟರ್ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. 2.05ಕ್ಕೆ ಮಗಳು ಓಡಿ ಬಂದು ಹೆಲ್ಮೆಟ್ ಹಾಕಿಕೊಂಡಳು. ನಾನು ಹೇಳಲಿಲ್ಲ. ಅವಳು ನೋಡಲಿಲ್ಲ.

2.20ಕ್ಕೆ ರೇಸ್ ಶುರುವಾಯಿತು. ಎಂಟು ಸುತ್ತು. ಐದನೆಯ ಸುತ್ತಿನಲ್ಲಿ, ಅಂದಾಜು 2.29ಕ್ಕೆ, ಮೂರನೆಯ ತಿರುವಿಗೆ ಮೊದಲು ಮಗಳ ಮುಂದಿನ ಚಕ್ರ ನಿಂತುಬಿಟ್ಟಿತು. ನಾನು ಬೇಲಿಯ ಹೊರಗೆ, ಅರವತ್ತು ಮೀಟರ್ ದೂರದಲ್ಲಿದ್ದೆ. ಕಡ್ಡಿಯ ಬೈಕು ಅವಳ ಹಿಂದಿತ್ತು. ನಡುವೆ ಒಂದು ಬೈಕು ಹಿಡಿಯುವಷ್ಟು ಜಾಗವಿತ್ತು. ಅವನು ಅವಳ ಮೇಲೆ ಹತ್ತದಿರಲೆಂದು ಜಲ್ಲಿಗೆ ಇಳಿಸಿ ತಾನೂ ಬಿದ್ದ. ಕುಂಟಿಕೊಂಡು ಮೊದಲು ಅವಳ ಹತ್ತಿರ ಓಡಿದ್ದೂ ಅವನೇ. ಇದನ್ನು ಕಣ್ಣಾರೆ ಕಂಡೆ. ಕಂಡೂ ಬೇಲಿ ಹಾರಿ ಹೋಗಿ ಅವನ ಕೊರಳಪಟ್ಟಿ ಹಿಡಿದು, "ನೀನೇ ಕಣೋ ಮಾಡಿದ್ದು" ಎಂದು ಕೂಗಿದೆ. "ಅಂಕಲ್, ಆಣೆಗೂ ನಾನು ಮುಟ್ಟಿಲ್ಲ" ಎಂದ. ನೆಲಕ್ಕೆ ಬಡಿದು ಬಾಗಿದ್ದ ಗಾರ್ಡನ್ನು ಬಂದವರಿಗೆಲ್ಲ ಸಾಕ್ಷಿಯಾಗಿ ತೋರಿಸಿದೆ.

ಮಗಳ ಬಲ ಮಣಿಕಟ್ಟು ಎರಡು ಕಡೆ ಮುರಿದಿದೆ. ರಾತ್ರಿ 7.10ಕ್ಕೆ ಇಲ್ಲಿ ಬಂದು ದೂರು ಕೊಟ್ಟೆ. ಕೊನೆಯಲ್ಲಿ ಟು ದಿ ಬೆಸ್ಟ್ ಆಫ್ ಮೈ ನಾಲೆಜ್ ಎಂದೂ ಬರೆದೆ. ಅದರ ಮುಂದೆ ಇನ್ನೊಂದು ಪದ ಬರುತ್ತದೆ, ಅವತ್ತು ನೆನಪಾಗಲಿಲ್ಲ, ಇವತ್ತೂ ಇಲ್ಲ.

ದಿನಾಂಕ 10, ಸೋಮವಾರ 11 ಗಂಟೆಗೆ ಬೈಕು ನನ್ನ ಅಂಗಡಿಗೆ ಬಂತು. ಮುಂದಿನ ಚಕ್ರ ಕೈಯಲ್ಲಿ ತಿರುಗಲಿಲ್ಲ. ಗಾರ್ಡಿನ ಸ್ಕ್ರೂ ಸಡಿಲಿಸಿದೆ. ಲಿವರ್ ಟಕ್ ಎಂದು ಹೊರಗೆ ಬಂತು, ಚಕ್ರ ತಿರುಗಿತು. ಬಿದ್ದಾಗ ಗಾರ್ಡು ಬಾಗಿ ಹೀಗಾಗಿರಬೇಕೆಂದು ಹತ್ತು ನಿಮಿಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಬ್ರೇಕಿನ ಉಕ್ಕಿನ ತಟ್ಟೆ ಪಾರಿವಾಳದ ಕತ್ತಿನಂತೆ ನೀಲಿಗಟ್ಟಿತ್ತು. ಬಿದ್ದ ಏಟಿಗೆ ಉಕ್ಕು ನೀಲಿಯಾಗುವುದಿಲ್ಲ, ಬಹಳ ಹೊತ್ತು ಉಜ್ಜಿ ಕಾದರೆ ಆಗುತ್ತದೆ. ತಿರುಪಿನ ಗುರುತು ನೋಡಿದೆ, ಮಗಳು ರೇಸಿನಲ್ಲಿ ಅದನ್ನು ಎರಡು ಸಲ ತಿರುಗಿಸಿದ್ದಳು. ಹೊರಗೆ ಬರಬೇಕಾದ ಲಿವರ್ ನಾನು ಒಳಕ್ಕೆ ತಂದ ಗಾರ್ಡಿಗೆ ಒತ್ತಿ ನಿಂತಿದೆ. ಅಂದರೆ ಅವಳು ಕೈ ಬಿಟ್ಟರೂ ಬ್ರೇಕ್ ಬಿಟ್ಟಿಲ್ಲ. ಕಾದಷ್ಟೂ ಹಿಡಿದಿದೆ, ಹಿಡಿದಷ್ಟೂ ಕಾದಿದೆ.

ಅವತ್ತು ಸಂಜೆ ಆಸ್ಪತ್ರೆಗೆ ಊಟ ಒಯ್ದೆ. ಹೇಳಬೇಕೆಂದೇ ಹೋಗಿದ್ದೆ. "ಅವನು ಹೀಗ್ ಮಾಡ್ತಾನೆ ಅಂದ್ಕೊಂಡಿರ್ಲಿಲ್ಲಪ್ಪ" ಎಂದು ಮಗಳು ಎಡಗೈಯಿಂದ ಅವನ ನಂಬರನ್ನು ಫೋನಿನಿಂದ ಅಳಿಸಿದಳು. ಒಂದೇ ಕೈಯಲ್ಲಿ ಆಗದ್ದರಿಂದ ಫೋನನ್ನು ನಾನು ಹಿಡಿದುಕೊಂಡಿದ್ದೆ.

ದಿನಾಂಕ 12, ಬುಧವಾರ ಸಂಜೆ 6 ಗಂಟೆಗೆ ಕಡ್ಡಿಯ ತಾಯಿ ನನ್ನ ಅಂಗಡಿಗೆ ಬಂದರು. ಮಗನನ್ನು ಟ್ರ್ಯಾಕಿಗೆ ಸೇರಿಸುತ್ತಿಲ್ಲ, ಕೇಸು ಮುಗಿಯುವವರೆಗೆ ಕೆಲಸಕ್ಕೂ ಬರಬೇಡವೆಂದಿದ್ದಾರೆ ಎಂದು ತಿಳಿಸಿದರು. "ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕ್ಬೇಡಿ ಅಣ್ಣಾ. ಅವನು ಮಾಡಿದ್ದು ನೀವು ಕಂಡಿದ್ರೆ ಹೇಳಿ, ನಾನೇ ಅವನ ಗಾಡೀನ ಗುಜರಿಗೆ ಹಾಕ್ತೀನಿ. ಕಂಡ್ರಾ?" ಎಂದು ಕೇಳಿದರು. ನಾನು, "ಕೂತ್ಕೊಳ್ಳಮ್ಮ, ಟೀ ತರಿಸ್ತೀನಿ" ಎಂದೆ. ಅವರು ಕೇಳಿದ್ದಕ್ಕೆ ಅದು ಉತ್ತರವಲ್ಲ. ಟೀ ಬಂತು. ಅವರು ಕುಡಿಯಲಿಲ್ಲ, ಆರುವವರೆಗೂ ಕೂತಿದ್ದು ಎದ್ದು ಹೋದರು.

ಈ ದಿನ, 13, ಗುರುವಾರ ಬೆಳಿಗ್ಗೆ 10ಕ್ಕೆ ಮಗಳನ್ನು ಆಸ್ಪತ್ರೆಯಿಂದ ಬಿಟ್ಟರು. ಕಡ್ಡಿಯ ವಿರುದ್ಧ ತನ್ನ ಹೇಳಿಕೆಯನ್ನೂ ಕೊಡುವುದಾಗಿ ಹೇಳಿ ಅವಳು ನನ್ನನ್ನು ಕರೆದುಕೊಂಡು ನೇರ ಠಾಣೆಗೆ ಬಂದಳು. ಮೊದಲು ನನ್ನದು ಆಗಲಿ ಎಂದು ಕೇಳಿಕೊಂಡು ನಾನು ಒಳಗೆ ಬಂದೆ. ಹಳೆಯ ದೂರಿಗೆ ಬಲವಾಗಿ ಇನ್ನೊಂದು ಹೇಳಿಕೆ ಕೊಡಲು ಬಂದಿದ್ದೇನೆಂದು ಅವಳು ತಿಳಿದಿದ್ದಾಳೆ. "ಯಜಮಾನ್ರೇ, ಸುಳ್ಳು ದೂರು ಅಂದ್ರೆ ಕೇಸು ನಿಮ್ಮ ಮೇಲೇ ತಿರುಗುತ್ತೆ, ಯೋಚ್ನೆ ಮಾಡಿ" ಎಂದು ಹೆಡ್ ಕಾನ್‌ಸ್ಟೆಬಲ್ ಎರಡು ಸಲ ಎಚ್ಚರಿಸಿದ್ದಾರೆ. ಎರಡು ಸಲವೂ ಎದ್ದು ಕಿಟಕಿಯವರೆಗೆ ಹೋಗಿ ಬಂದು ಮತ್ತೆ ಕೂತು ಬರೆದಿದ್ದೇನೆ.

ಮೇಲೆ ಬರೆದದ್ದು ಯಾರ ಒತ್ತಾಯವೂ ಇಲ್ಲದೆ ನಾನೇ ಬರೆದದ್ದು, ನನ್ನ ಕೈ ಮಾಡಿದ್ದು, ನನ್ನ ಕಣ್ಣು ಕಂಡದ್ದು. ಸಹಿಗೆ ಮೊದಲು ಹೇಳಿಕೆಯನ್ನು ಗಟ್ಟಿಯಾಗಿ ಓದಿ ಕೇಳಿಸುವುದು ಇಲ್ಲಿಯ ಕ್ರಮವೆಂದು ತಿಳಿಸಿದ್ದಾರೆ. ಮಗಳಿಗೆ ನಾನು ಇನ್ನೂ ಹೇಳಿಲ್ಲ. ಅವಳು ಕೂತಿರುವ ಬೆಂಚು ಈ ಕೋಣೆಯ ಬಾಗಿಲಿಗೆ ನಾಲ್ಕು ಹೆಜ್ಜೆ. ಆದ್ದರಿಂದ ಓದುವಾಗ ದಯವಿಟ್ಟು ಬಾಗಿಲು ತೆರೆದಿಡಬೇಕಾಗಿ ಕೋರುತ್ತೇನೆ.

ಸ್ಥಳ: ಇದೇ ಠಾಣೆ
ದಿನಾಂಕ: 13, ಬೆಳಿಗ್ಗೆ 11.50
ಸಹಿ: (ಓದಿ ಆದ ಮೇಲೆ)