ರಜಾಕನ ಕಂಬಿ

ದೀಪ ಸಣ್ಣ ಮಾಡಿ, ಹೇಳ್ತೀನಿ. ನಗಬೇಡಿ. ಇದು ನಮ್ಮ ಸೋದರಮಾವ ಗಂಗುಲಪ್ಪನಿಗೆ ಆದದ್ದು... ಮಾಲೂರಿನ ಹತ್ತಿರ, ಎರಡನೇ ಮಹಾಯುದ್ಧಕ್ಕೆ ಒಂದು ವರ್ಷ ಮುಂಚೆ.

ಆತನಿಗೆ ರೈಲು ದಾರಿಯ ರಾತ್ರಿ ಗಸ್ತು. ಹಳೇ ಕಂಬಿಗೆ ಎರಡು ತಲೆ, ಮೇಲೊಂದು ಕೆಳಗೊಂದು. ಮೇಲಿನದು ಸವೆದರೆ ಮಗುಚಿ ಹಾಕೋದು. ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿ ಕಂಬಿ ‘ಠಣ್’ ಅನ್ನುತ್ತೆ. ಬಿರುಕು ಬಿಟ್ಟಿದ್ದು ‘ಡಬ್’. ಎಡದ ಕಂಬಿ ಗಂಗುಲಪ್ಪನದು, ಬಲದ್ದು ಗೆಳೆಯ ಅಬ್ದುಲ್ ರಜಾಕನದು. ಹನ್ನೊಂದು ವರ್ಷ ಜೊತೆಗೇ ನಡೆದರು. ಆಮೇಲೆ ರಜಾಕ ಪ್ಲೇಗಿನಲ್ಲಿ ಹೋದ. ಬದಲಿಗೆ ಯಾರೂ ಬರಲಿಲ್ಲ. ಹೋಗ್ತಾ ಎಡದ್ದು, ಬರ್ತಾ ಬಲದ್ದು, ಗಂಗುಲಪ್ಪ ಒಬ್ಬನೇ ತಟ್ಟುತ್ತಿದ್ದ. ಮನೆಯಲ್ಲೂ ಒಂಟಿ ಜೀವ. ವಾರಗಟ್ಟಲೆ ಮಾತೇ ಇರುತ್ತಿರಲಿಲ್ಲ.

ಒಂದು ರಾತ್ರಿ ಆಲದಮರ ದಾಟಿ ತನ್ನ ಕಂಬಿ ತಟ್ಟಿದ. ಠಣ್... ಬಲಗಡೆಯಿಂದಲೂ... ಠಣ್.

ನಿಂತ. ಅದೂ ನಿಂತಿತು.

“ರಜಾಕಾ... ನೀನೇನ್ಲಾ?”

ಠಣ್.

“ಭಯ ಆಗಲಿಲ್ವಾ ಮಾವ?” ಅಂತ ನಾನು ಕೇಳಿದ್ದೆ. “ಭಯ ಯಾಕೋ? ಹೋದ ಜೀವ ಬಂದಂಗಾಯ್ತು ಕಣೋ” ಅಂದಿದ್ದ. ಅಲ್ಲಿಂದ ದಿನಾ ಜೊತೆ. ಆದರೆ ಆಲದಮರದಿಂದ ಕೆರೆ ಕೋಡಿವರೆಗೆ ಮಾತ್ರ. ಎರಡು ತಲೆ ಕಂಬಿ ಉಳಿದಿದ್ದದ್ದೇ ಅಷ್ಟು ದೂರ. ಹೊಸ ಚಪ್ಪಟೆ ಕಾಲಿನ ಕಂಬಿ ಶುರುವಾದರೆ ಬಲಗಡೆ ಸದ್ದೇ ಇಲ್ಲ.

ಒಂದು ಅಮಾವಾಸ್ಯೆ... ಠಣ್... ಠಣ್... ಡಬ್.

ಲಾಂದ್ರ ಹಿಡಿದು ಬಗ್ಗಿದ. ಬಲದ ಕಂಬಿ, ಮಗುಚಿ ಹಾಕಿದ್ದು. ಈ ತಲೆ ಮೊದಲು ಅಡಿಯಲ್ಲಿದ್ದಾಗ ಕಬ್ಬಿಣದ ಆಸರೆ ಮೇಲೆ ಕೂತು ಕೂತು ತಗ್ಗಾಗಿದ್ದ ಜಾಗದಲ್ಲೇ ಕೂದಲೆಳೆ ಬಿರುಕು. ಹೇಳಿದರೆ ಹಳೇ ಸಾಲನ್ನೆಲ್ಲ ಕೀಳ್ತಾರೆ. ಕಿತ್ತರೆ ರಜಾಕನೂ ಹೋಗ್ತಾನೆ. ದೂರದಲ್ಲಿ ಮೇಲ್ ಗಾಡಿ ಕೂಗಿತು.

“ಏನ್ಲಾ ಮಾಡ್ಲಿ?” ಪಿಸುಗುಟ್ಟಿದ.

ಡಬ್. ಡಬ್. ಡಬ್.

ಅಳ್ತಾನೇ ಕೆಂಪು ದೀಪ ಬೀಸುತ್ತಾ ಓಡಿದ. ಗಾಡಿ ನಿಂತಿತು. ಜನ ಉಳಿದರು. ತಿಂಗಳೊಳಗೆ ಹೊಸ ಕಂಬಿ ಬಂತು. ಆಮೇಲೆ ಬಲಗಡೆ ಯಾವತ್ತೂ ಸದ್ದಾಗಲಿಲ್ಲ.

ಮೇಸ್ತ್ರಿ ಸೊಣ್ಣಪ್ಪನ ಕೈಕಾಲು ಹಿಡಿದು ಆ ಹಳೇ ಕಂಬಿಯ ಮೊಳದುದ್ದ ತುಂಡು ತಂದು ಮನೆಯ ತೊಲೆಗೆ ನೇತುಹಾಕಿದ. ತಾನೂ ತಟ್ಟಲಿಲ್ಲ, ಯಾರಿಗೂ ಮುಟ್ಟೋಕೆ ಬಿಡಲಿಲ್ಲ.

ಮಾವ ಸತ್ತು ಆರು ವರ್ಷ. ಆವತ್ತಿಂದ ಮನೆಗೆ ಬೀಗ. ಹೋದ ವಾರ ನಾನೇ ತೆಗೆದೆ, ಸುಳ್ಳಾದ್ರೆ ನನ್ನ ನಾಲಗೆ ಬಿದ್ದೋಗ್ಲಿ. ನೆಲದ ಧೂಳಲ್ಲಿ ಒಂದು ಹೆಜ್ಜೆ ಗುರುತಿಲ್ಲ. ಕಂಬಿಗೆಲ್ಲ ತುಕ್ಕು. ಎರಡೇ ಎರಡು ಕಡೆ, ಸುತ್ತಿಗೆ ಮುಖದಷ್ಟು ಜಾಗ, ಸವೆದು ಹೊಳೀತಿತ್ತು. ಎಡಕ್ಕೊಂದು... ಬಲಕ್ಕೊಂದು.